ತೆರೆಯ ಮೇಲಿನ ವಿಜ್ಞಾನ ಕಥೆಯನ್ನು ಮಕ್ಕಳ ಕಾದಂಬರಿ ಮಾಡುವುದು ಹೇಗೆ?

ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಗಳಲ್ಲಿ ಮಕ್ಕಳ ಕಪಾಟು ಹುಡುಕಿದರೆ ಒಂದು ಬಗೆಯ ಪುಸ್ತಕ ಕೈಗೆ ಸಿಗುತ್ತಲೇ ಇರುತ್ತದೆ. ಮುಖಪುಟಕ್ಕೆ ಸಿನಿಮಾದ ಪೋಸ್ಟರು, ಕೆಲವದರ ನಡುವೆ ಒಂದಷ್ಟು ಬಣ್ಣದ ಫೋಟೋ, ನೂರು ನೂರೈವತ್ತು ಪುಟ, 8ರಿಂದ 12 ವರ್ಷದವರಿಗೆಂದು ಬರೆದ ಕಥೆ. ಇಂಗ್ಲಿಷಿನಲ್ಲಿ ಇದಕ್ಕೆ ಜೂನಿಯರ್ ನಾವೆಲೈಸೇಶನ್ ಎಂದು ಹೆಸರು. ವಿಜ್ಞಾನ ಕಥೆಯ ಸಿನಿಮಾಗಳಿಗೆ ಇಂಥ ಪುಸ್ತಕ ರಾಶಿರಾಶಿ ಇದೆ. ಕನ್ನಡದಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಆದರೆ ಕನ್ನಡ ಓದಲು ಹಿಂದೇಟು ಹಾಕುವ ನಗರದ ಮಕ್ಕಳನ್ನು ಪುಸ್ತಕಕ್ಕೆ ಕರೆತರಲು ಇಷ್ಟು ಒಳ್ಳೆಯ ದಾರಿ ಇನ್ನೊಂದಿಲ್ಲ: ಕಥೆಯ ಮೇಲೆ ಆಸೆ ಆಗಲೇ ಹುಟ್ಟಿರುತ್ತದೆ, ಅಕ್ಷರದ ಕಷ್ಟವನ್ನು ಆ ಆಸೆ ದಾಟಿಸುತ್ತದೆ.

ಕನ್ನಡ ಮೇಷ್ಟ್ರುಗಳು, ಮಕ್ಕಳಿಗೆ ಬರೆಯುವವರು, ಮನೆಯ ಮಗುವಿಗಾಗಿಯೇ ಬರೆಯಬೇಕೆಂದಿರುವ ತಂದೆತಾಯಂದಿರು ಹೀಗೆ ಯಾರು ಬೇಕಾದರೂ ಈ ಕೆಲಸಕ್ಕೆ ಕೈಹಾಕಬಹುದು. ಒಂದು ಮಾತನ್ನು ಮಾತ್ರ ಮೊದಲೇ ಮನಸ್ಸಿನಲ್ಲಿಡಿ. ಸಿನಿಮಾವನ್ನು ಕಿರಿದು ಮಾಡಿ ಹೇಳಿದರೆ ಅದು ಕಾದಂಬರಿಯಾಗುವುದಿಲ್ಲ. ತೆರೆಯ ಮೇಲೆ ಕ್ಯಾಮೆರಾ, ಸಂಗೀತ, ನಟರ ಮುಖ ಸೇರಿ ಮಾಡುತ್ತಿದ್ದ ಕೆಲಸವನ್ನೆಲ್ಲ ಪುಸ್ತಕದಲ್ಲಿ ಒಂದು ಪಾತ್ರದ ಕಣ್ಣು, ಕಿವಿ, ಆಸೆಗಳು ಮಾಡಬೇಕು. ಯಾರ ಕಣ್ಣು ಎನ್ನುವುದು ಸರಿಯಾಗಿ ನಿಂತರೆ ಅರ್ಧ ಕೆಲಸ ಮುಗಿಯಿತು.

ಮೊದಲು ಹಕ್ಕಿನ ಮಾತು

1957ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಒಂದು ಕೃತಿಯನ್ನು ರೂಪಾಂತರಿಸುವ ಮತ್ತು ಅನುವಾದಿಸುವ ಹಕ್ಕು ಅದರ ಒಡೆಯರದ್ದು. ಸಿನಿಮಾದ ಚಿತ್ರಕಥೆ ಕೂಡ ಸಾಹಿತ್ಯ ಕೃತಿಯೇ. ಹಾಗಾಗಿ ಈಚಿನ ಯಾವ ಜನಪ್ರಿಯ ಚಿತ್ರವನ್ನೇ ಆಗಲಿ ಕಾದಂಬರಿ ಮಾಡಿ ಅಚ್ಚುಹಾಕಿಸಿ ಮಾರಬೇಕೆಂದರೆ ನಿರ್ಮಾಣ ಸಂಸ್ಥೆಯ ಲಿಖಿತ ಅನುಮತಿ ಬೇಕೇ ಬೇಕು. ಮನೆಯಲ್ಲಿ ಬರೆದು ಮಗುವಿಗೆ ಓದಿ ಹೇಳುವುದು, ತರಗತಿಯಲ್ಲಿ ಅಭ್ಯಾಸವಾಗಿ ಬರೆಸುವುದು ಒಂದು. ಅದನ್ನೇ ಪಿಡಿಎಫ್ ಮಾಡಿ ವಾಟ್ಸ್ಯಾಪ್ ಗುಂಪಿಗೆ ಹಾಕುವುದು, ಜಾಲತಾಣಕ್ಕೆ ಏರಿಸುವುದು ಬೇರೆ. 'ದುಡ್ಡು ತೆಗೆದುಕೊಳ್ಳುತ್ತಿಲ್ಲವಲ್ಲ' ಎನ್ನುವುದು ಅನುಮತಿಗೆ ಬದಲಿಯಲ್ಲ.

ಅನುಮತಿ ಕೇಳುವುದಾದರೆ ಒಬ್ಬ ಲೇಖಕ ಕೇಳುವುದಕ್ಕಿಂತ ಪ್ರಕಾಶಕರ ಮೂಲಕ ಕೇಳಿಸುವುದು ಒಳ್ಳೆಯದು. ಪತ್ರದಲ್ಲಿ ಭಾಷೆ, ಓದುಗರ ವಯಸ್ಸು, ಪುಟ, ಪ್ರತಿಗಳ ಸಂಖ್ಯೆ, ಬೆಲೆ, ಇ-ಪುಸ್ತಕ ಬೇಕೋ ಬೇಡವೋ, ಸಿನಿಮಾದ ಫೋಟೋ ಬಳಸುತ್ತೀರೋ ಇಲ್ಲವೋ, ಇಷ್ಟೂ ಇರಲಿ. ಕಥೆಯ ಹಕ್ಕು ಕೊಟ್ಟವರು ಫೋಟೋದ ಹಕ್ಕನ್ನೂ ಕೊಟ್ಟಂತಾಗುವುದಿಲ್ಲ.

ಅನುಮತಿಯ ಗೋಜು ಬೇಡ ಎನ್ನುವವರಿಗೆ ಅವಧಿ ಮುಗಿದ ಚಿತ್ರಗಳಿವೆ. ಭಾರತದಲ್ಲಿ ಸಿನಿಮಾದ ಹಕ್ಕು ಬಿಡುಗಡೆಯಾದ ಮರುವರ್ಷದಿಂದ 60 ವರ್ಷ. ಆದರೆ ಅದರ ಹಿಂದಿರುವ ಕಥೆ, ಚಿತ್ರಕಥೆಯ ಹಕ್ಕು ಬರೆದವರು ತೀರಿಕೊಂಡ ಮೇಲೂ 60 ವರ್ಷ ಉಳಿಯುತ್ತದೆ. ಎರಡನ್ನೂ ಲೆಕ್ಕ ಹಾಕಿ. ಅಮೆರಿಕದಲ್ಲಿ ಹಳೆಯ ಚಿತ್ರಗಳಿಗೆ 95 ವರ್ಷ, ಆದ್ದರಿಂದ ಹೊರದೇಶದಲ್ಲೂ ಸಿಗುವ ಇ-ಪುಸ್ತಕ ಮಾಡುವವರು ಅದನ್ನೂ ನೋಡಬೇಕು.

ಮುಂದಿನ ಉದಾಹರಣೆಗಳಿಗೆಲ್ಲ 1902ರ 'ಎ ಟ್ರಿಪ್ ಟು ದ ಮೂನ್' ಎಂಬ ಫ್ರೆಂಚ್ ಮೂಕಿ ಚಿತ್ರವನ್ನು ಬಳಸಿದೆ. ಇದನ್ನು ಮಾಡಿದ ಜಾರ್ಜ್ ಮೆಲಿಯೆ ತೀರಿಕೊಂಡದ್ದು 1938ರಲ್ಲಿ, ಹಾಗಾಗಿ ಹಕ್ಕಿನ ತೊಡಕಿಲ್ಲ. ಓಡಿಸುವ ವೇಗದ ಮೇಲೆ ಹೆಚ್ಚುಕಡಿಮೆ 13 ನಿಮಿಷದ ಚಿತ್ರ. ಆರು ಜನ ವಿಜ್ಞಾನಿಗಳು ಒಂದು ದೊಡ್ಡ ಗುಂಡಿನೊಳಗೆ ಕೂತು ಫಿರಂಗಿಯಿಂದ ಹಾರಿ ಚಂದ್ರನ ಕಣ್ಣಿಗೇ ಹೋಗಿ ನಾಟುತ್ತಾರೆ. ಅಲ್ಲಿ ಹಿಮ ಬೀಳುತ್ತದೆ, ಗುಹೆಗೆ ಇಳಿಯುತ್ತಾರೆ, ನೆಲಕ್ಕೆ ಊರಿದ ಕೊಡೆ ಅಣಬೆಯಾಗಿ ಬೆಳೆಯುತ್ತದೆ, ಚಂದ್ರವಾಸಿಗಳು ಹಿಡಿದು ರಾಜನ ಬಳಿಗೆ ಒಯ್ಯುತ್ತಾರೆ. ತಪ್ಪಿಸಿಕೊಂಡು ಭೂಮಿಗೆ ಬೀಳುವಾಗ ಒಬ್ಬ ಚಂದ್ರವಾಸಿಯೂ ಗುಂಡಿಗೆ ಅಂಟಿಕೊಂಡು ಬಂದುಬಿಡುತ್ತಾನೆ. ನೋಡುವುದಾದರೆ ಹಳೆಯ ಕಪ್ಪುಬಿಳುಪು ಪ್ರತಿಯನ್ನೇ ನೋಡಿ. 2011ರಲ್ಲಿ ಹೊಸ ಸಂಗೀತದೊಂದಿಗೆ ಬಂದ ಬಣ್ಣದ ಪ್ರತಿಯಲ್ಲಿ ಆ ಸಂಗೀತದ ಹಕ್ಕು ಹೊಸದು.

ಮೂರು ಸಲ ನೋಡುವುದು

ಮೊದಲ ಸಲ ಕೈಯಲ್ಲಿ ಪೆನ್ನು ಬೇಡ. ಮುಗಿದ ಮೇಲೆ ನೆನಪಿನಿಂದ ಒಂದು ಪುಟ ಬರೆದಿಡಿ. ಮರೆತುಹೋದ ದೃಶ್ಯಗಳು ಪುಸ್ತಕಕ್ಕೂ ಬಹುಪಾಲು ಬೇಕಾಗುವುದಿಲ್ಲ.

ಎರಡನೇ ಸಲ ನಿಲ್ಲಿಸಿ ನಿಲ್ಲಿಸಿ ನೋಡಿ. ಉದ್ದ ನೋಟ್‌ಬುಕ್ಕಿನಲ್ಲಿ ನಾಲ್ಕು ಕಲಂ ಎಳೆದು ಎಷ್ಟನೇ ನಿಮಿಷ, ಎಲ್ಲಿ, ಯಾರಿಗೆ ಏನು ಬೇಕಿತ್ತು, ಕೊನೆಗೆ ಏನು ಬದಲಾಯಿತು ಎಂದು ತುಂಬಿ. ಎರಡು ಗಂಟೆಯ ಚಿತ್ರಕ್ಕೆ ಐವತ್ತು ಅರವತ್ತು ಸಾಲಾದರೂ ಬರುತ್ತದೆ. ನಾಲ್ಕನೇ ಕಲಂ ಖಾಲಿ ಉಳಿದ ದೃಶ್ಯಗಳನ್ನು ಪೆನ್ಸಿಲಿನಲ್ಲಿ ಹೊಡೆದುಹಾಕಿ. ಅವು ಕಣ್ಣಿಗೆ ಹಬ್ಬ, ಕಾಗದಕ್ಕೆ ಭಾರ. ನಗರದ ಮೇಲೆ ನೌಕೆ ಹಾರುವ ಮೂರು ನಿಮಿಷ ತೆರೆಯ ಮೇಲೆ ಉಸಿರು ಹಿಡಿಸುತ್ತದೆ, ಪುಸ್ತಕದಲ್ಲಿ ಎರಡು ಸಾಲಿಗಿಂತ ಹೆಚ್ಚು ತಡೆದುಕೊಳ್ಳುವುದಿಲ್ಲ.

ಮೂರನೇ ಸಲ ಸದ್ದು ನಿಲ್ಲಿಸಿ ನೋಡಿ. ಮಾತಿಲ್ಲದೆಯೂ ಅರ್ಥವಾದದ್ದನ್ನೆಲ್ಲ ಪಟ್ಟಿ ಮಾಡಿ: ಹುಡುಗಿ ಅಪ್ಪನ ಕಡೆ ನೋಡದೆ ಬಾಗಿಲು ಹಾಕಿದಳು, ರೋಬಾಟು ಕೈ ಚಾಚಿ ಹಿಂದಕ್ಕೆಳೆದುಕೊಂಡಿತು, ಇಂಥವು. ನೀವು ಹೊಸದಾಗಿ ಬರೆಯಬೇಕಾದ ಭಾಗ ಈ ಪಟ್ಟಿಯೇ. ಮಾತು ಹೇಗೂ ಚಿತ್ರಕಥೆಯಲ್ಲಿದೆ; ಮೌನ ಎಲ್ಲೂ ಬರೆದಿಲ್ಲ.

ಇಂಗ್ಲಿಷ್ ಪುಸ್ತಕಗಳನ್ನು ಮಾದರಿಗೆ ಓದುವಾಗ ಸಿನಿಮಾದಲ್ಲಿಲ್ಲದ ದೃಶ್ಯ ಸಿಕ್ಕರೆ ಗಾಬರಿಯಾಗಬೇಡಿ. ಇಂಥ ಪುಸ್ತಕಗಳನ್ನು ಎಷ್ಟೋ ಸಲ ಸಿನಿಮಾ ಮುಗಿಯುವ ಮೊದಲೇ ಚಿತ್ರಕಥೆ ನೋಡಿ ಬರೆಸುತ್ತಾರೆ. 'ಸ್ಟಾರ್ ವಾರ್ಸ್' ತೆರೆಕಂಡದ್ದು 1977ರ ಮೇ ತಿಂಗಳಲ್ಲಿ, ಅದರ ಕಾದಂಬರಿ ರೂಪ 1976ರ ನವೆಂಬರಿನಲ್ಲೇ ಬಂದಿತ್ತು. ಆಮೇಲೆ ಕತ್ತರಿಸಿದ ದೃಶ್ಯಗಳು ಪುಸ್ತಕದಲ್ಲಿ ಹಾಗೇ ಉಳಿಯುತ್ತವೆ. ಪುಸ್ತಕ ಸಿನಿಮಾದಿಂದ ಬೇರೆಯಾಗಲೂಬಹುದು: 1968ರ '2001: ಎ ಸ್ಪೇಸ್ ಒಡಿಸಿ'ಯ ನೌಕೆ ಸಿನಿಮಾದಲ್ಲಿ ಗುರುಗ್ರಹಕ್ಕೆ ಹೋಗುತ್ತದೆ, ಜೊತೆಗೇ ಬಂದ ಕಾದಂಬರಿಯಲ್ಲಿ ಶನಿಗೆ. ಶನಿಯ ಬಳೆಗಳನ್ನು ತೆರೆಯ ಮೇಲೆ ನಂಬುವಂತೆ ತೋರಿಸುವುದು ಆಗ ಕಷ್ಟವಾಗಿತ್ತು, ಬರವಣಿಗೆಗೆ ಆ ಕಷ್ಟವಿಲ್ಲ.

ಯಾರ ಕಣ್ಣಿನಿಂದ?

ಕ್ಯಾಮೆರಾ ಎಲ್ಲರ ಬೆನ್ನ ಹಿಂದೆಯೂ ನಿಲ್ಲಬಲ್ಲದು. ಮಕ್ಕಳ ಕಾದಂಬರಿ ಹಾಗೆ ಓಡಾಡಿದರೆ ಹತ್ತು ವರ್ಷದ ಓದುಗರಿಗೆ ಯಾರ ಜೊತೆ ಹೋಗಬೇಕೆಂದೇ ತಿಳಿಯುವುದಿಲ್ಲ. ಒಂದೇ ಪಾತ್ರ, ಹೆಚ್ಚೆಂದರೆ ಎರಡು. ಎರಡಾದರೆ ಅಧ್ಯಾಯಕ್ಕೊಂದು, ಅಧ್ಯಾಯದ ನಡುವೆ ಬದಲಾಯಿಸಬೇಡಿ.

ಆರಿಸುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಮುಖ್ಯ ಘಟನೆಗಳಲ್ಲಿ ಈ ಪಾತ್ರ ಅಲ್ಲಿಯೇ ಇರುತ್ತದೆಯೇ? ಅದಕ್ಕೆ ಗೊತ್ತಿಲ್ಲದ್ದು ಬಹಳ ಇದೆಯೇ? ಅದು ಏನನ್ನಾದರೂ ಕಳೆದುಕೊಳ್ಳುವ ಭಯದಲ್ಲಿದೆಯೇ? ಮೂರಕ್ಕೂ ಹೌದು ಎನ್ನುವ ಪಾತ್ರ ಸಿನಿಮಾದ ನಾಯಕನೇ ಆಗಿರಬೇಕೆಂದಿಲ್ಲ. ಅನುಮತಿ ಪಡೆದ ಚಿತ್ರವಾದರೆ ಕಥೆ ಬದಲಾಯಿಸಲು ಬಿಡುವುದಿಲ್ಲ, ಆದರೆ ಕಣ್ಣನ್ನು ಬದಲಾಯಿಸುವ ಬಗ್ಗೆ ಪತ್ರದಲ್ಲೇ ಕೇಳಿ ನೋಡಬಹುದು.

ಚಂದ್ರಯಾತ್ರೆಯ ಚಿತ್ರದಲ್ಲಿ ಆರು ಜನ ಗಡ್ಡದ ವಿಜ್ಞಾನಿಗಳು ತೆರೆಯ ಮೇಲೆ ಬೇರೆ ಬೇರೆಯಾಗಿ ಕಾಣಿಸುವುದೇ ಇಲ್ಲ. ಮಕ್ಕಳಿಗೆ ಅವರ ಜೊತೆ ಸೇರಲು ಜಾಗವಿಲ್ಲ. ಇನ್ನೂ ದೊಡ್ಡ ತೊಡಕೆಂದರೆ ಅವರು ಬೇರೆಯವರ ಮನೆಗೆ ಹೋಗಿ ಕೊಡೆಯಿಂದ ಹೊಡೆದು ಚಂದ್ರವಾಸಿಗಳನ್ನು ಹೊಗೆ ಮಾಡಿಬಿಡುತ್ತಾರೆ. 1902ರಲ್ಲಿ ಜನ ನಕ್ಕರು. ಇಂದಿನ ಮಗು 'ಅವರೇನು ತಪ್ಪು ಮಾಡಿದ್ರು?' ಎಂದು ಕೇಳುತ್ತದೆ, ಕೇಳಲೂಬೇಕು. ಹಾಗಾಗಿ ಇಲ್ಲಿ ಸರಿಯಾದ ಕಣ್ಣು ಗುಂಡಿಗೆ ಅಂಟಿಕೊಂಡು ಭೂಮಿಗೆ ಬಂದುಬಿಡುವ ಆ ಚಂದ್ರವಾಸಿಯದು. ಅವನನ್ನು ಹುಡುಗಿ ಮಾಡಿ 'ಕಿಂಚಿ' ಎಂದು ಹೆಸರಿಡೋಣ. ಅದೇ ಗುಹೆ, ಅದೇ ಕೊಡೆ, ಈಗ ಎರಡು ರೀತಿಯಲ್ಲಿ.

ವರದಿ ಹೀಗಿರುತ್ತದೆ:

"ವಿಜ್ಞಾನಿಗಳು ಗುಹೆಗೆ ಇಳಿದರು. ಅಲ್ಲಿ ದೊಡ್ಡ ದೊಡ್ಡ ಅಣಬೆಗಳಿದ್ದವು. ಒಬ್ಬರು ತಮ್ಮ ಕೊಡೆಯನ್ನು ನೆಲಕ್ಕೆ ಊರಿದರು. ಕೂಡಲೇ ಅದು ಅಣಬೆಯಾಗಿ ಬೆಳೆಯಿತು. ಎಲ್ಲರಿಗೂ ಆಶ್ಚರ್ಯವಾಯಿತು. ಆಗ ಒಬ್ಬ ಚಂದ್ರವಾಸಿ ಬಂದ."

ಕಾದಂಬರಿ ಹೀಗಿರಬೇಕು:

"ಅಣಬೆಯ ಹಿಂದೆ ಕಿಂಚಿ ಉಸಿರು ಬಿಗಿಹಿಡಿದು ಕೂತಿದ್ದಳು. ಗಡ್ಡದವನ ಕೈಯಲ್ಲಿ ಒಂದು ಕರಿ ಗಿಡ. ಕಾಂಡ ಸಣ್ಣ, ಎಲೆಯೆಲ್ಲ ಮುದುಡಿಕೊಂಡಿದೆ. ನೀರು ಕಾಣದೆ ಒಣಗಿರಬೇಕು, ಪಾಪ. ಅವನು ಅದನ್ನು ಮಣ್ಣಿಗೆ ಚುಚ್ಚಿದ. ನಮ್ಮ ಮಣ್ಣು ಯಾವುದನ್ನೂ ಸಾಯಲು ಬಿಡುವುದಿಲ್ಲ ಎಂದು ಅಮ್ಮ ಹೇಳುತ್ತಿದ್ದಳು. ಹಾಗೇ ಆಯಿತು. ಕರಿ ಎಲೆ ಪಟ್ಟನೆ ಬಿಚ್ಚಿತು, ಉಬ್ಬಿತು, ಅವನ ತಲೆಯನ್ನೂ ದಾಟಿ ಮೇಲೆ ಹೋಯಿತು. ಗಡ್ಡದವನು ಎರಡು ಹೆಜ್ಜೆ ಹಿಂದಕ್ಕೆ ಹಾರಿದ. ಕಿಂಚಿಗೆ ನಗು ತಡೆಯಲಿಲ್ಲ. ಆ ನಗು ಅವನಿಗೆ ಕೇಳಿಸಿತು."

ಎರಡನೆಯದರಲ್ಲಿ ಕೊಡೆ ಎಂಬ ಮಾತೇ ಇಲ್ಲ. ಕಿಂಚಿಗೆ ಅದು ಏನೆಂದು ಗೊತ್ತಿಲ್ಲ, ಓದುವ ಮಗುವಿಗೆ ಗೊತ್ತು. ಓದುಗರಿಗೆ ಪಾತ್ರಕ್ಕಿಂತ ಒಂದು ಹಿಡಿ ಹೆಚ್ಚು ತಿಳಿದಿದ್ದರೆ ಪುಟ ತಾನೇ ತಿರುಗುತ್ತದೆ. 'ಆಶ್ಚರ್ಯವಾಯಿತು', 'ಭಯವಾಯಿತು', 'ಸಂತೋಷವಾಯಿತು' ಎಂಬ ಮೂರನ್ನೂ ಮೊದಲ ಕರಡಿನಲ್ಲಿ ಹುಡುಕಿ ಗುರುತು ಮಾಡಿ. ಅವು ಬಂದಲ್ಲೆಲ್ಲ ನಟನ ಮುಖವನ್ನು ನೋಡಿ ಬರೆದಿದ್ದೀರಿ, ಪಾತ್ರದ ಒಳಗಿನಿಂದ ಬರೆದಿಲ್ಲ.

ಹೊತ್ತನ್ನು ತಿರುಗಿಸಿ ಹಾಕುವುದು

ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ಎಂಟು ನಿಮಿಷದ ಬೆನ್ನಟ್ಟುವ ದೃಶ್ಯಕ್ಕೆ ಎಂಟು ಪುಟ, ಹತ್ತು ಸೆಕೆಂಡಿನ ನೋಟಕ್ಕೆ ಒಂದು ಸಾಲು ಎಂದು ಹಂಚಿಬಿಡುತ್ತಾರೆ. ಪುಸ್ತಕದಲ್ಲಿ ಲೆಕ್ಕ ಉಲ್ಟಾ. ಬೆನ್ನಟ್ಟುವುದು 200 ಪದದಲ್ಲಿ ಮುಗಿಯಬೇಕು, ಅದರಲ್ಲಿ ಒಂದೇ ಒಂದು ತಿರುವು: ಬ್ರೇಕು ಹಿಡಿಯಲಿಲ್ಲ, ಅಥವಾ ಬಾಗಿಲು ತೆರೆಯಲಿಲ್ಲ. ಆ ಹತ್ತು ಸೆಕೆಂಡಿನ ನೋಟಕ್ಕೆ ಬೇಕಾದರೆ ಪೂರ್ತಿ ಪುಟ ಕೊಡಿ.

ಕೊನೆಯ ಯುದ್ಧವನ್ನು ಈಚಿನ ಚಿತ್ರಗಳು ಮೂರು ಕಡೆ ಒಟ್ಟಿಗೇ ತೋರಿಸುತ್ತವೆ. ನೀವು ಒಂದು ಕಡೆ ಮಾತ್ರ ನಿಲ್ಲಿ. ಉಳಿದೆರಡು ಕಡೆಯ ಸುದ್ದಿ ರೇಡಿಯೋದಲ್ಲಿ ತುಂಡು ತುಂಡಾಗಿ ಬರಲಿ, ನಡುವೆ ಒಮ್ಮೆ ನಿಂತೂ ಹೋಗಲಿ. ಗೆಳೆಯ ಬದುಕಿದ್ದಾನೋ ಇಲ್ಲವೋ ತಿಳಿಯದೆ ಕಾಯುವುದು ಸ್ಫೋಟಕ್ಕಿಂತ ಹೆಚ್ಚು ಹಿಡಿದಿಡುತ್ತದೆ. ಹಾಡಿನ ಹಿನ್ನೆಲೆಯಲ್ಲಿ ತರಬೇತಿ ತೋರಿಸುವ ಭಾಗಗಳಿಗೆ ಒಂದೇ ಒಂದು ಸೋಲನ್ನು ಆರಿಸಿ ಬಿಡಿಸಿ ಬರೆದು, 'ಮಳೆಗಾಲ ಮುಗಿಯುವಷ್ಟರಲ್ಲಿ ಅವಳಿಗೆ ಬಂತು' ಎಂದು ಮುಂದೆ ಹೋಗಿ.

ಭಯದ ಸಂಗೀತಕ್ಕೆ ಬದಲು ಏನು? ಸಿನಿಮಾ ಕೊಡಲಾಗದ್ದನ್ನು ಕೊಡಿ: ವಾಸನೆ, ಶಾಖ, ಭಾರ, ನಾಲಿಗೆಯ ಮೇಲಿನ ರುಚಿ. ಚಂದ್ರನ ಧೂಳು ಸುಟ್ಟ ಸಿಡಿಮದ್ದಿನ ವಾಸನೆ ಬರುತ್ತದೆ ಎಂದು ಅಪೋಲೋ ಗಗನಯಾತ್ರಿಗಳು ಹೇಳಿದ್ದಾರೆ. ನೌಕೆಯೊಳಕ್ಕೆ ಬಂದು ಹೆಲ್ಮೆಟ್ ತೆಗೆದ ಮೇಲೆ ಬಟ್ಟೆಗೆ ಅಂಟಿದ ಧೂಳಿನಿಂದ ಬಂದ ವಾಸನೆ ಅದು. ಇಂಥ ಒಂದು ವಿವರ ಮೂರು ವಾಕ್ಯದ ವರ್ಣನೆಯ ಕೆಲಸ ಮಾಡುತ್ತದೆ.

ದೊಡ್ಡ ವಸ್ತುಗಳ ಅಳತೆಯನ್ನು ಪಾತ್ರಕ್ಕೆ ಗೊತ್ತಿರುವುದರಲ್ಲೇ ಹೇಳಬೇಕು. ಬೆಂಗಳೂರಿನ ಹುಡುಗಿಯ ಕಥೆಯಾದರೆ ನೌಕೆ ವಿಧಾನಸೌಧದಷ್ಟು ಉದ್ದವಿರಬಹುದು. ಕಿಂಚಿಯ ಕಥೆಯಲ್ಲಿ ವಿಧಾನಸೌಧ ಬಂದರೆ ಆ ಕ್ಷಣ ಚಂದ್ರ ಮಾಯ. ಕಥೆಯನ್ನೇ ಬೆಂಗಳೂರಿಗೆ ತರುವ ಆಸೆಯಿದ್ದರೆ ಹಕ್ಕು ಮುಗಿದ ಚಿತ್ರಗಳಲ್ಲಿ ಮಾತ್ರ ತನ್ನಿ, ತಂದರೆ ಪೂರ್ತಿ ತನ್ನಿ. ಹೆಸರು ಮಾತ್ರ ಬದಲಾಯಿಸಿ ಊಟ, ಶಾಲೆ, ಮನೆಯ ಮಾತು ಹಾಗೇ ಬಿಟ್ಟರೆ ಎರಡೂ ಊರಿನ ಕಥೆಯಾಗುವುದಿಲ್ಲ.

ವಿಜ್ಞಾನ ಎಷ್ಟು ಸರಿ ಇರಬೇಕು?

ಸಿನಿಮಾದ ತಪ್ಪು ಎರಡು ಬಗೆ. ಒಂದು, ಕಥೆಯೇ ನಿಂತಿರುವ ತಪ್ಪು, ಅದನ್ನು ಮುಟ್ಟಬೇಡಿ. ಇನ್ನೊಂದು, ಕಣ್ಣಿಗೆ ಚೆಂದ ಎಂದು ಮಾಡಿದ ತಪ್ಪು. ಅದನ್ನು ಸದ್ದಿಲ್ಲದೆ ತಿದ್ದಿ. ನಿರ್ವಾತದಲ್ಲಿ ಸ್ಫೋಟದ ಸದ್ದು ಕೇಳುವುದಿಲ್ಲ. ಪುಸ್ತಕದಲ್ಲಿ ಸದ್ದಿಲ್ಲದ ಸ್ಫೋಟವೇ ಹೆಚ್ಚು ಭಯಂಕರ: ಬೆಳಕು ಬಂತು, ಆಮೇಲೆ ರೇಡಿಯೋ ಮೌನ. ಮಂಗಳನಿಂದ ಭೂಮಿಗೆ ಮಾತು ತಲುಪಲು ದೂರಕ್ಕೆ ತಕ್ಕಂತೆ ಸುಮಾರು 3ರಿಂದ 22 ನಿಮಿಷ ಬೇಕು. ಸಿನಿಮಾದಲ್ಲಿ ಫೋನಿನಂತೆ ಮಾತಾಡಿದ್ದರೆ ನೀವು ಅದನ್ನು ಪತ್ರದಂತೆ ಮಾಡಿ. ಚಂದ್ರ ಸರಾಸರಿ 3,84,400 ಕಿ.ಮೀ. ದೂರ, ಮಾತು ಹೋಗಿ ಬರಲು ಎರಡೂವರೆ ಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಅಷ್ಟು ತಡವೂ ಮಾತಿನ ನಡುವೆ ಒಂದು ಒಳ್ಳೆಯ ಮೌನ ಕೊಡುತ್ತದೆ.

ಫಿರಂಗಿಯಿಂದ ಚಂದ್ರನಿಗೆ ಹಾರುವುದು ಮೊದಲನೆಯ ಬಗೆಯ ತಪ್ಪು. ಭೂಮಿಯ ಹಿಡಿತ ಬಿಡಿಸಿಕೊಳ್ಳಲು ಸೆಕೆಂಡಿಗೆ 11.2 ಕಿ.ಮೀ. ವೇಗ ಬೇಕು. 300 ಮೀಟರಿನ ನಳಿಗೆಯೊಳಗೇ ಆ ವೇಗ ಮುಟ್ಟಬೇಕೆಂದರೆ ಒಳಗಿದ್ದವರ ಮೇಲೆ ಅವರ ತೂಕದ 20 ಸಾವಿರ ಪಟ್ಟಿಗೂ ಹೆಚ್ಚು ಒತ್ತಡ ಬೀಳುತ್ತದೆ; ಯಾರೂ ಉಳಿಯುವುದಿಲ್ಲ. ರಾಕೆಟ್ಟು ನಿಧಾನವಾಗಿ, ನಿಮಿಷಗಟ್ಟಲೆ ವೇಗ ಏರಿಸಿಕೊಳ್ಳುವುದು ಇದಕ್ಕೇ. ಇದನ್ನು ಕಥೆಯೊಳಗೆ ತುರುಕಬೇಡಿ. ಪುಸ್ತಕದ ಕೊನೆಗೆ ಎರಡು ಪುಟ ಇಟ್ಟು 'ಕಥೆಯಲ್ಲಿ ಹೀಗೆ, ನಿಜದಲ್ಲಿ ಹೇಗೆ?' ಎಂದು ಬರೆಯಿರಿ. ಚಂದ್ರನ ಮೇಲೆ ಗಾಳಿ, ಹಿಮಪಾತ, ಅಣಬೆ ಇಲ್ಲ ಎಂಬುದೂ ಅಲ್ಲೇ ಬರಲಿ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದಾಗ ಅದನ್ನು ನೋಡಿಕೊಂಡದ್ದು ಬೆಂಗಳೂರಿನ ಪೀಣ್ಯದ ಇಸ್ರೋ ಕೇಂದ್ರ. ದೂರದ ನೌಕೆಗಳ ಮಾತು ಕೇಳುವ 32 ಮೀಟರ್ ಅಗಲದ ಆಂಟೆನಾ ಇರುವುದು ನಗರದ ಹೊರಗೆ ಬ್ಯಾಲಾಳುವಿನಲ್ಲಿ. ತಮ್ಮ ಊರಿನ ಹೆಸರು ಆ ಪುಟದಲ್ಲಿ ಕಂಡರೆ ಮಕ್ಕಳು ಅದನ್ನು ಬಿಡದೆ ಓದುತ್ತಾರೆ.

ಪದ ಬೇಕಾದರೆ ನಿಘಂಟಿಗಿಂತ ಮೊದಲು ನೆಹರೂ ತಾರಾಲಯದ ಕನ್ನಡ ಪ್ರದರ್ಶನಕ್ಕೆ ಹೋಗಿ ಕಿವಿಗೊಟ್ಟು ಕೇಳಿ. ಯಾವ ಮಾತನ್ನು ಕನ್ನಡದಲ್ಲಿ ಹೇಳಿದರೆ ಸಲೀಸು, ಯಾವುದನ್ನು ಹಾಗೇ ಬಿಟ್ಟರೆ ಸಲೀಸು ಎಂಬುದು ಗಟ್ಟಿಯಾಗಿ ಹೇಳಿದಾಗಲೇ ಗೊತ್ತಾಗುವುದು.

ಕನ್ನಡದ್ದೇ ಆದ ಲಾಭಗಳು

ಇಂಗ್ಲಿಷಿನ 'ಯೂ'ದಲ್ಲಿ ಮುಚ್ಚಿಹೋಗುವ ಸಂಬಂಧ ಕನ್ನಡದಲ್ಲಿ ಬಾಯಿ ತೆರೆದ ಕೂಡಲೇ ಗೊತ್ತಾಗುತ್ತದೆ. ಬರೆಯಲು ಕೂರುವ ಮೊದಲು ಒಂದು ಚೌಕ ಎಳೆದು ಯಾರು ಯಾರಿಗೆ ನೀನು ಎನ್ನುತ್ತಾರೆ, ಯಾರು ನೀವು, ಯಾರು ಸರ್, ಮೇಡಂ, ಅಣ್ಣ, ಅಜ್ಜ ಎಂದು ತುಂಬಿಕೊಳ್ಳಿ. ಎಲ್ಲಿ ಬದಲಾಗುತ್ತದೆ ಎಂಬುದನ್ನೂ ಗುರುತಿಸಿ. ಕ್ಯಾಪ್ಟನ್‌ಗೆ 'ನೀವು' ಎನ್ನುತ್ತಿದ್ದ ಹುಡುಗ ಸಿಟ್ಟಿನಲ್ಲಿ ಒಮ್ಮೆ 'ನೀನು' ಎಂದರೆ ಅದೇ ಒಂದು ಸ್ಫೋಟ. ಅಕಸ್ಮಾತ್ತಾಗಿ ಹೆಚ್ಚುಕಡಿಮೆಯಾದರೆ ಮಾತ್ರ ಬರೀ ತಪ್ಪು.

ರೋಬಾಟು 'ಅದು'. 'ಅದು ಬಂತು, ಅದು ಹೇಳಿತು.' ಯಾವ ಪುಟದಲ್ಲಿ ಹುಡುಗಿಯ ಮನಸ್ಸಿನಲ್ಲಿ ಅದು 'ಅವನು' ಆಗುತ್ತದೋ ಅಲ್ಲಿಂದ 'ಅವನು ಬಂದ'. ವಿವರಣೆ ಬೇಡ, ಕ್ರಿಯಾಪದ ಸಾಕು. ಮಕ್ಕಳು ಇದನ್ನು ದೊಡ್ಡವರಿಗಿಂತ ಬೇಗ ಹಿಡಿಯುತ್ತಾರೆ. ಖಳ ಪಾತ್ರ ಕೊನೆಯವರೆಗೂ 'ಅದು' ಎಂದೇ ಹೇಳಲಿ.

ಮಾತಿನ ಧಾಟಿಯನ್ನೂ ಹಂಚಿಡಿ. ಮಕ್ಕಳು 'ಬರ್ತೀನಿ, ಹೋಗ್ಬೇಡ' ಎನ್ನಲಿ. ರೋಬಾಟು 'ನಾನು ಬರುತ್ತೇನೆ, ನೀವು ಹೋಗಕೂಡದು' ಎಂದು ಪುಸ್ತಕದ ಕನ್ನಡ ಮಾತಾಡಲಿ. 'ಎಂದು ರೋಬಾಟು ಹೇಳಿತು' ಎಂದು ಮತ್ತೆ ಮತ್ತೆ ಬರೆಯುವ ಕಷ್ಟ ಅರ್ಧ ಕಡಿಮೆಯಾಗುತ್ತದೆ. ಅನ್ಯಲೋಕದವರಿಗೆ ಮುರುಕು ಕನ್ನಡ ಕೊಡಬೇಡಿ. ಬೇರೆ ಊರಿನಿಂದ ಬಂದು ಕನ್ನಡ ಕಲಿಯುತ್ತಿರುವ ಮಕ್ಕಳು ಈ ನಗರದ ಪ್ರತಿ ತರಗತಿಯಲ್ಲೂ ಇದ್ದಾರೆ, ನಗು ಅವರ ಮೇಲೆ ಬೀಳುತ್ತದೆ.

ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಅರ್ಥಕ್ಕಿಂತ ಕಷ್ಟ ಅಕ್ಷರದ್ದು. ವಾಕ್ಯಕ್ಕೆ ಆರರಿಂದ ಒಂಬತ್ತು ಪದ. ಸಂಧಿ ಬಿಡಿಸಿ: 'ಹೊರಬಂದುದನ್ನರಿತು' ಬೇಡ, 'ಹೊರಗೆ ಬಂದದ್ದು ಗೊತ್ತಾಗಿ' ಸಾಕು. ಮುಖ್ಯ ಪಾತ್ರದ ಹೆಸರಿನಲ್ಲಿ ಒತ್ತಕ್ಷರ ಇಲ್ಲದಿರಲಿ, ಅದು ಪುಸ್ತಕದಲ್ಲಿ ನೂರಾರು ಸಲ ಬರುತ್ತದೆ. ಹೊರಗಿನ ಪದಗಳನ್ನು ನಾವು ಮಾತಾಡುವಂತೆ ಉಕಾರ ಹಚ್ಚಿ ಬರೆಯಿರಿ: ರಾಕೆಟ್ಟು, ರೋಬಾಟು, ಲೇಸರು. ವಿಭಕ್ತಿ ಸಲೀಸಾಗಿ ಸೇರುತ್ತದೆ, 'ರಾಕೆಟ್ಟಿಗೆ, ರೋಬಾಟಿನ' ಎಂದು ಮಗು ತಡವರಿಸದೆ ಓದುತ್ತದೆ. ಇದರಿಂದ ಅಚ್ಚಿನಲ್ಲಿ ಆಗುವ ಲಾಭ ಮುಂದೆ ಬರುತ್ತದೆ.

ಅಳತೆ

ಹದಿನಾಲ್ಕು ಅಧ್ಯಾಯ, ಒಂದೊಂದೂ ಸುಮಾರು 1,000 ಪದ, ಒಟ್ಟು 14 ಸಾವಿರ. ಗಟ್ಟಿಯಾಗಿ ಓದಿದರೆ ಅಧ್ಯಾಯಕ್ಕೆ ಹತ್ತು ನಿಮಿಷದ ಆಸುಪಾಸು, ಮಲಗುವ ಮುಂಚಿನ ಓದಿಗೆ ಸರಿಹೋಗುತ್ತದೆ. ಇಂಗ್ಲಿಷ್ ಪುಸ್ತಕದ ಪದಸಂಖ್ಯೆಯನ್ನು ಹಾಗೇ ಗುರಿ ಇಟ್ಟುಕೊಳ್ಳಬೇಡಿ. ಕನ್ನಡದ ಒಂದು ಪದ ಇಂಗ್ಲಿಷಿನ ಎರಡು ಮೂರು ಪದದ ಕೆಲಸ ಮಾಡುವುದರಿಂದ ಪುಸ್ತಕ ವಿಪರೀತ ದಪ್ಪವಾಗುತ್ತದೆ. ಪ್ರತಿ ಅಧ್ಯಾಯವನ್ನೂ ಅಪಾಯದ ನಡುವೆ ನಿಲ್ಲಿಸಿದರೆ ನಾಲ್ಕನೇ ಅಧ್ಯಾಯಕ್ಕೆ ಮಕ್ಕಳಿಗೆ ಉಪಾಯ ಗೊತ್ತಾಗಿಬಿಡುತ್ತದೆ. ಮೂರಕ್ಕೊಂದು ಸಲ ಪ್ರಶ್ನೆಯ ಮೇಲೆ, ಇನ್ನೊಮ್ಮೆ ಒಂದು ನಿರ್ಧಾರದ ಮೇಲೆ ನಿಲ್ಲಿಸಿ.

ಸಾವು ಬಂದರೆ ಬಚ್ಚಿಡಬೇಡಿ, ಎಳೆಯಲೂಬೇಡಿ. ಸತ್ತವರ ಹೆಸರು ಆಮೇಲೆಯೂ ಎರಡು ಸಲವಾದರೂ ಬರಲಿ.

ಮಕ್ಕಳ ಮುಂದೆ

ಕರಡು ಸಿದ್ಧವಾದ ಮೇಲೆ 9ರಿಂದ 11 ವರ್ಷದ ಆರು ಮಕ್ಕಳು ಬೇಕು. ಮೂವರು ಸಿನಿಮಾ ನೋಡಿದವರು, ಮೂವರು ನೋಡದವರು. ನೋಡಿದವರು ನಿಮ್ಮ ವರ್ಣನೆಯ ಖಾಲಿ ಜಾಗಗಳನ್ನು ನೆನಪಿನಿಂದ ತುಂಬಿಕೊಂಡು ಚೆನ್ನಾಗಿದೆ ಎಂದುಬಿಡುತ್ತಾರೆ. ಕಬ್ಬನ್ ಪಾರ್ಕಿನ ಇಂದಿರಾ ಪ್ರಿಯದರ್ಶಿನಿ ಮಕ್ಕಳ ಗ್ರಂಥಾಲಯದಂಥ ಕಡೆ ಗ್ರಂಥಪಾಲಕರನ್ನು, ಶಾಲೆಯಾದರೆ ಮುಖ್ಯೋಪಾಧ್ಯಾಯರನ್ನು ಮೊದಲೇ ಕೇಳಿ ಒಪ್ಪಿಗೆ ಪಡೆಯಿರಿ.

ಒಂದು ಅಧ್ಯಾಯ ನೀವು ಓದಿ, ಮುಂದಿನ ಒಂದು ಪುಟ ಒಬ್ಬೊಬ್ಬರಿಂದ ಗಟ್ಟಿಯಾಗಿ ಓದಿಸಿ. ತಡವರಿಸಿದಲ್ಲಿ ನಿಮ್ಮ ಪ್ರತಿಯಲ್ಲಿ ಪೆನ್ಸಿಲ್ ಚುಕ್ಕೆ. ಒಂದೇ ಜಾಗಕ್ಕೆ ಮೂರು ಚುಕ್ಕೆ ಬಿದ್ದರೆ ಆ ವಾಕ್ಯ ಬದಲಾಗಬೇಕು, ಮಕ್ಕಳಲ್ಲ. 'ಚೆನ್ನಾಗಿದೆಯಾ?' ಎಂದು ಕೇಳಬೇಡಿ, ಹೂಂ ಎನ್ನುತ್ತಾರೆ. 'ಮುಂದೆ ಏನಾಗುತ್ತೆ?' ಎಂದು ಕೇಳಿ. ಉತ್ತರವೇ ಬರದಿದ್ದರೆ ಪಾತ್ರಕ್ಕೆ ಏನು ಬೇಕು ಎಂಬುದು ಅವರಿಗೆ ತಲುಪಿಲ್ಲ. ಸಿನಿಮಾ ನೋಡದ ಮೂವರಿಗೆ ಕಾಗದ ಕೊಟ್ಟು ನೌಕೆಯನ್ನೋ ರೋಬಾಟನ್ನೋ ಬರೆಯಲು ಹೇಳಿ. ಮೂರು ಚಿತ್ರದಲ್ಲೂ ಬಾಗಿಲು ಎಲ್ಲಿದೆ ಎಂಬುದು ಬೇರೆಬೇರೆಯಾಗಿದ್ದು ಕಥೆಯಲ್ಲಿ ಆ ಬಾಗಿಲು ಮುಖ್ಯವಾಗಿದ್ದರೆ ಅದನ್ನು ವರ್ಣಿಸಿದ ಅಧ್ಯಾಯಕ್ಕೆ ಹಿಂದಿರುಗಿ.

ಅಚ್ಚಿಗೆ

ಪುಸ್ತಕಗಳಿಗೆ ಸಾಮಾನ್ಯವಾದ ಡೆಮಿ 1/8 ಅಳತೆ, 14 ಪಾಯಿಂಟ್ ಅಕ್ಷರ, ಪುಟಕ್ಕೆ 26 ಸಾಲು ಎಂದರೆ ಸುಮಾರು 180 ಪದ ಹಿಡಿಯುತ್ತದೆ. 14 ಸಾವಿರ ಪದಕ್ಕೆ 78 ಪುಟ, ಅಧ್ಯಾಯದ ತಲೆಯ ಜಾಗಕ್ಕೆ 5, ಅರ್ಧ ಪುಟದ ಹತ್ತು ರೇಖಾಚಿತ್ರಕ್ಕೆ 5, ಮೊದಲ ಪುಟಗಳು 6, ಕೊನೆಯ ವಿಜ್ಞಾನದ ಮಾತು 2. ಒಟ್ಟು 96, ಅಂದರೆ 16 ಪುಟದ ಆರು ಫಾರಂ (ಒಟ್ಟಿಗೆ ಅಚ್ಚಾಗಿ ಮಡಚುವ ಪುಟಗಳ ಕಟ್ಟು). 98 ಆದರೆ ಏಳನೇ ಫಾರಂ ಹಾಕಬೇಕು, 14 ಪುಟ ಖಾಲಿ ಬೀಳುತ್ತದೆ. ಅರ್ಧ ಫಾರಂ ಹಾಕಿಸಿದರೂ ಆರು ಪುಟ ವ್ಯರ್ಥ. ಹಾಗಾಗಿ ಪುಟವಿನ್ಯಾಸ ಮುಗಿಯುವವರೆಗೂ ಒಂದು ಚಿತ್ರವನ್ನು ಬೇಕಾದರೆ ತೆಗೆಯುವಂತೆ ಇಟ್ಟುಕೊಂಡಿರಿ. ಒಳಪುಟಕ್ಕೆ 70 ಜಿಎಸ್ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ತೂಕ) ಮ್ಯಾಪ್ಲಿಥೋ ಕಾಗದ, ಹೊದಿಕೆಗೆ 300 ಜಿಎಸ್ಎಂ ಆರ್ಟ್ ಬೋರ್ಡ್. ಹಾಳೆಗಳನ್ನು ಬೆನ್ನಿಗೆ ಅಂಟಿಸುವ ಪರ್ಫೆಕ್ಟ್ ಬೈಂಡಿಂಗಿನಲ್ಲಿ ಬೆನ್ನು ನಾಲ್ಕೈದು ಮಿಲಿಮೀಟರ್ ಬರುತ್ತದೆ, ಅಲ್ಲಿ ಒತ್ತಕ್ಷರವಿರುವ ಉದ್ದದ ಶೀರ್ಷಿಕೆ ಓದಲಾಗುವುದಿಲ್ಲ. ಮುನ್ನೂರರೊಳಗಿನ ಪ್ರತಿಗೆ ಡಿಜಿಟಲ್ ಮುದ್ರಣ, ಅದಕ್ಕೂ ಮೇಲಾದರೆ ಆಫ್‌ಸೆಟ್ ದರವನ್ನೂ ಕೇಳಿ ನೋಡಿ.

ಐಎಸ್‌ಬಿಎನ್‌ಗೆ (ಪುಸ್ತಕದ ಗುರುತಿನ ಸಂಖ್ಯೆಗೆ) ದುಡ್ಡಿಲ್ಲ, ಕೇಂದ್ರ ಸರ್ಕಾರದ ರಾಜಾ ರಾಮಮೋಹನ ರಾಯ್ ಏಜೆನ್ಸಿಗೆ ಆನ್‌ಲೈನಿನಲ್ಲೇ ಅರ್ಜಿ ಹಾಕಬಹುದು. ಪುಸ್ತಕ ಹೊರಬಂದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಪ್ರತಿ ಕಳಿಸುವುದು 1954ರ ಕಾಯಿದೆಯಂತೆ ಪ್ರಕಾಶಕರ ಹೊಣೆ.

ಡಿಟಿಪಿಯಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವಾಗ, ಆಗುವ ಒಂದು ತಪ್ಪು ವಿಜ್ಞಾನ ಕಥೆಗಳನ್ನೇ ಹುಡುಕಿಕೊಂಡು ಬರುತ್ತದೆ. ಯೂನಿಕೋಡಿನಲ್ಲಿ 'ರಾಕೆಟ್‌ಗೆ' ಎಂದು ಬರೆಯುವಾಗ ನಡುವೆ ಅಕ್ಷರಗಳು ಒತ್ತಾಗಿ ಸೇರದಂತೆ ತಡೆಯುವ, ಕಣ್ಣಿಗೆ ಕಾಣದ ನಾನ್‌ಜಾಯಿನರ್ ಇರುತ್ತದೆ. ಹಳೆಯ 'ನುಡಿ' ತಂತ್ರಾಂಶದ ಅಕ್ಷರಕ್ಕೆ ಪರಿವರ್ತಿಸುವಾಗ ಅಥವಾ ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ನಕಲು ಮಾಡುವಾಗ ಅದು ಬಿದ್ದುಹೋದರೆ 'ರಾಕೆಟ್ಗೆ' ಎಂದು ಗ ಒತ್ತಾಗಿ ಕೆಳಕ್ಕೆ ಇಳಿಯುತ್ತದೆ. 'ರಾಕೆಟ್ಟಿಗೆ' ಎಂದೇ ಬರೆದಿದ್ದರೆ ಈ ತೊಂದರೆ ಬರುವುದೇ ಇಲ್ಲ. ಉಕಾರ ಹಚ್ಚಲಾಗದ ಪದಗಳ ಪಟ್ಟಿಯನ್ನು ಬರೆಯುವಾಗಲೇ ಮಾಡಿಟ್ಟುಕೊಂಡು, ಪರಿವರ್ತನೆ ಆದ ಮೇಲೆ ಒಂದೊಂದನ್ನೂ ಹುಡುಕಿ ನೋಡಿ. ಅರ್ಕಾವೊತ್ತು, ಎರಡು ಒತ್ತು ಸೇರಿದ 'ಸ್ತ್ರ', 'ಷ್ಟ್ರ'ದಂಥವನ್ನೂ ನೋಡಿ. ಸಾಲಿನ ಅಂತರ ಕಡಿಮೆಯಾದರೆ ಒತ್ತಕ್ಷರ ಕೆಳಸಾಲಿನ ತಲೆಕಟ್ಟಿಗೆ ತಾಗುತ್ತದೆ, 14 ಪಾಯಿಂಟ್ ಅಕ್ಷರಕ್ಕೆ 20–21 ಪಾಯಿಂಟ್ ಬಿಡಿ. ಇದನ್ನು ಕಂಪ್ಯೂಟರಿನ ಪರದೆಯ ಮೇಲೆ ತಿದ್ದಲು ಹೋಗಬೇಡಿ. ಪೂರ್ತಿ ಪುಸ್ತಕವನ್ನು ಅದೇ ಅಳತೆಗೆ ಒಂದು ಪ್ರತಿ ಪ್ರಿಂಟ್ ತೆಗೆದು, ಕಥೆ ಗೊತ್ತಿಲ್ಲದ ಒಬ್ಬರ ಕೈಗೆ ಕೆಂಪು ಪೆನ್ನಿನ ಜೊತೆ ಕೊಡಿ. ಅವರು ತಿದ್ದಿಕೊಟ್ಟ ಮೇಲೆಯೇ ಪ್ರೆಸ್ಸಿಗೆ ಒಪ್ಪಿಗೆ ಹೇಳಿ.